ಅಪ್ಪನ ಪದ್ಮಿನಿ, ಮುಚ್ಚದ ಬಾಗಿಲು: ಹಳೇ ಕಾರಿಗೆ ಹೊಸ ತಗಡು ಕೂರಿಸೋದು ಹೇಗೆ?

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಹಳೇ ಕಾರು ರೆಸ್ಟೋರ್ ಮಾಡೋ ರೀಲ್ಸ್ ನೀವೂ ನೋಡಿರ್ತೀರಿ. ತುಕ್ಕು ಹಿಡಿದ ಗಾಡಿ ಮೂವತ್ತು ಸೆಕೆಂಡಲ್ಲಿ ಮಿರಮಿರ ಮಿಂಚುತ್ತೆ. ಆ ಮೂವತ್ತು ಸೆಕೆಂಡಲ್ಲಿ ತೋರಿಸದ ಕೆಲಸವೊಂದಿದೆ. ಅದನ್ನ ನಾನು ಕಲಿತದ್ದು ಕೆಡಿಸಿದ ಮೇಲೆ.

ನಮ್ಮಪ್ಪನ ಪ್ರೀಮಿಯರ್ ಪದ್ಮಿನಿ. ಅವರು ಹೋದಮೇಲೆ ಆರು ವರ್ಷ ಶೆಡ್ಡಲ್ಲೇ ನಿಂತಿತ್ತು. ಹೊರಗಿಂದ ನೋಡಿದ್ರೆ ಪರವಾಗಿಲ್ಲ ಅನ್ನಿಸೋದು. ಒಂದಿನ ಫ್ರಿಜ್ ಮೇಲಿನ ಮ್ಯಾಗ್ನೆಟ್ ತಗೊಂಡು ಬಾಗಿಲ ಕೆಳಗಿನ ಪಟ್ಟಿಗೆ ಇಟ್ಟೆ. ಅಂಟಲೇ ಇಲ್ಲ, ಕೆಳಗೆ ಬಿತ್ತು. ಅಂದ್ರೆ ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ. ಯಾವ ಕಾಲದಲ್ಲೋ ಯಾರೋ ತೂತಿಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ರು. ಹಳೇ ಕಾರು ಕೊಳ್ಳೋಕೆ ಹೋಗೋರು ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಳ್ಳಿ, ಮಾರೋರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ.

ಈ ಪಟ್ಟಿಗೆ ಸಿಲ್ ಅಂತಾರೆ. ಇಲ್ಲೊಂದು ವಿಷಯ ಅರ್ಥ ಆಗ್ಬೇಕು. ಹಳೇ ವಿಲ್ಲೀಸ್ ಜೀಪ್ ಇದೆಯಲ್ಲ, ಅದಕ್ಕೆ ಕೆಳಗೆ ಬೇರೆಯದೇ ಚಾಸಿ ಇರುತ್ತೆ. ಮೇಲಿನ ಬಾಡಿ ಎತ್ತಿಟ್ರೂ ಚಾಸಿ ನಿಂತೇ ಇರುತ್ತೆ. ಪದ್ಮಿನಿ ಹಾಗಲ್ಲ. ಅದರ ಮೂಲ ಇಟಲಿಯ ಫಿಯೆಟ್ 1100. 1953ರಲ್ಲಿ ಬಂದ ಮಾಡೆಲ್‌ನಿಂದಲೇ ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಫ್ಲೋರ್, ಪಿಲ್ಲರ್, ರೂಫ್, ಸಿಲ್ ಎಲ್ಲ ಸೇರಿ ಭಾರ ಹೊರೋದು. ಹಾಗಾಗಿ ಸಿಲ್ ಅನ್ನೋದು ಅಲಂಕಾರ ಅಲ್ಲ, ಮನೆಯ ತೊಲೆ ಇದ್ದ ಹಾಗೆ. ಅದು ಗೆದ್ದಲು ತಿಂದ ಮರದಂತಾಗಿದ್ರೆ, ಡಿಕ್ಕಿ ಆದಾಗ ಒಳಗಿರೋರನ್ನ ಕಾಯೋಕೆ ಏನೂ ಉಳಿದಿರಲ್ಲ. ಪುಟ್ಟಿ ಮೆತ್ತಿ ಮಾರೋರ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ.

ಸರಿ, ನಾನೇನು ಮಾಡಿದೆ? ನಾಲ್ಕು ವಿಡಿಯೊ ನೋಡಿದೆ. ವೆಲ್ಡಿಂಗ್ ಬರೋ ಗೆಳೆಯನ್ನ ಕರೆದೆ. ಕಾರನ್ನ ಮುಂದೆ ಹಿಂದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅಡ್ಡ ಬರುತ್ತೆ ಅಂತ ಬಾಗಿಲೆಲ್ಲ ಬಿಚ್ಚಿ ಗೋಡೆಗೆ ಒರಗಿಸಿ, ಎರಡೂ ಕಡೆ ಸಿಲ್ ಒಟ್ಟಿಗೇ ಕತ್ತರಿಸಿದ್ವಿ. ಹೊಸ ಪಟ್ಟಿ ಇಟ್ಟು ಪೂರ್ತಿ ವೆಲ್ಡ್ ಹೊಡೆದ್ವಿ. ನೋಡೋಕೆ ಚೆನ್ನಾಗೇ ಇತ್ತು. ಬಾಗಿಲು ಕೂರಿಸಿದಾಗ ಗೊತ್ತಾಯ್ತು. ಮೇಲ್ಗಡೆ ಬಾಗಿಲು ಪಿಲ್ಲರ್‌ಗೆ ಉಜ್ತಿದೆ, ಕೆಳಗಡೆ ಕಿರುಬೆರಳು ತೂರೋವಷ್ಟು ಸಂದು. ತೊಲೆ ತೆಗೆದಾಗ ಕಾರು ನಡುವೆ ಕುಸಿದಿದೆ. ಕುಸಿದ ಹಾಗೇ ನಾವು ಅದನ್ನ ವೆಲ್ಡ್ ಮಾಡಿ ಭದ್ರ ಮಾಡಿಬಿಟ್ಟಿದ್ವಿ!

ಆ ರಾತ್ರಿ ನಿದ್ದೆ ಬರ್ಲಿಲ್ಲ. ದುಡ್ಡು ಹೋಗಿದ್ದಕ್ಕಲ್ಲ. ಅಪ್ಪ ಭಾನುವಾರ ಭಾನುವಾರ ಒರೆಸಿ ಇಟ್ಕೊಂಡಿದ್ದ ಗಾಡೀನ ನಾನೇ ಕೈಯಾರೆ ಕೊಂದೆ ಅನ್ನಿಸ್ತು.

ಕೊನೆಗೆ ಹುಡುಕಿಕೊಂಡು ಹೋದದ್ದು ವಯಸ್ಸಾದ ಒಬ್ಬ ಟಿಂಕರಿಂಗ್ ಮೇಸ್ತ್ರಿ ಹತ್ರ. ಕಾರಿನ ಸುತ್ತ ಒಂದು ಸುತ್ತು ಬಂದು ಒಂದೇ ಪ್ರಶ್ನೆ ಕೇಳಿದ್ರು: "ಏನ್ ಸಾರ್, ಬಾಗಿಲು ಬಿಚ್ಚಿಟ್ಟು ಕಟ್ ಮಾಡಿದ್ರಾ?"

ಅವರು ನಮ್ಮ ವೆಲ್ಡನ್ನ ಮತ್ತೆ ಕತ್ತರಿಸಿದ್ರು, ಆದ್ರೆ ಒಂದು ಬದಿ ಮಾತ್ರ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಟ್ಟು, ಬ್ಯಾಟರಿ ವೈರ್ ಬಿಚ್ಚಿದ್ರು. ಇದನ್ನ ನಾವು ಮಾಡಿರಲಿಲ್ಲ, ಈಗ ನೆನೆಸ್ಕೊಂಡ್ರೂ ಭಯ ಆಗುತ್ತೆ. ಆಮೇಲೆ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ, ಓರೆಯಾಗಿ ಕಬ್ಬಿಣದ ಪೈಪ್ ಟ್ಯಾಕ್ ಹೊಡೆದ್ರು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು, ಸರಿಯಿದ್ದ ಅಳತೆ ಬರೋವರೆಗೂ ಕೆಳಗಿಂದ ಜಾಕ್ ಕೊಟ್ಟು ಎತ್ತಿದ್ರು. ಅಳತೆ ಸರಿಬಂದ ಮೇಲೆ ಪೈಪ್ ಭದ್ರ ಮಾಡಿ, ಆಮೇಲೆ ಹೊಸ ಪಟ್ಟಿ.

ಆ ಪಟ್ಟೀನೂ ನೇರವಾಗಿ ಕೂರಲಿಲ್ಲ. ಕಂಪನಿ ಪದ್ಮಿನಿ ಮಾಡೋದು ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯ್ತು. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೇ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಹೋದವು. ಈಗ ಬೆಂಗಳೂರಿನ ಜೆಸಿ ರೋಡ್, ಶಿವಾಜಿನಗರದ ಗುಜರಿ ಅಂತ ಅಲೆಯಬೇಕು, ಇಲ್ಲಾ ತಗಡು ಮಡಚಿ ಮಾಡಿಸಬೇಕು. ನಮ್ಮದು 20 ಗೇಜ್ ತಗಡು, ಅಂದ್ರೆ ಸುಮಾರು 0.9 ಮಿಲಿಮೀಟರ್ ದಪ್ಪ. ಕೈಯಲ್ಲಿ ಮಡಚಿದ್ದು ಒಂದು ತುದಿಗೆ ಉದ್ದ ಇರುತ್ತೆ, ಇನ್ನೊಂದು ತುದಿಗೆ ತಿರುವು ತಪ್ಪಿರುತ್ತೆ. ಕ್ಲ್ಯಾಂಪ್ ಹಾಕೋದು, ಬಾಗಿಲು ಮುಚ್ಚೋದು, ಸಂದು ನೋಡೋದು, ಬಿಚ್ಚೋದು, ಒಂಚೂರು ಉಜ್ಜೋದು, ಮತ್ತೆ ಕ್ಲ್ಯಾಂಪ್. ಒಂದು ಬದಿಗೇ ಎರಡೂವರೆ ದಿನ ಹೀಗೇ ನಡೀತು. ವೆಲ್ಡಿಂಗ್ ಅರ್ಧ ದಿನದ್ದು. ತುಕ್ಕು ತಿಂದ ಹಳೇ ತುಂಡನ್ನ ನಾನು ಗುಜರಿಗೆ ಹಾಕೋಕೆ ಹೊರಟಿದ್ದೆ, ಮೇಸ್ತ್ರಿ ಬೈದ್ರು. ತಿರುವು ಎಲ್ಲಿ, ತೂತು ಎಲ್ಲಿ ಅಂತ ಹೇಳೋಕೆ ಅದೊಂದೇ ಸಾಕ್ಷಿ.

ಇನ್ನೊಂದು, ಬಾಗಿಲಿನ ಹೊಸ ರಬ್ಬರ್ ಬೀಡಿಂಗ್ ಹಾಕಿಯೇ ನೋಡಿ. ಬೀಡಿಂಗ್ ಇಲ್ದೆ ಸಲೀಸಾಗಿ ಮುಚ್ಚಿದ ಬಾಗಿಲು, ದಪ್ಪ ಬೀಡಿಂಗ್ ಹಾಕಿದ ಮೇಲೆ ಹಟ ಮಾಡುತ್ತೆ. ನಾವು ಸುತ್ತಲೂ 5 ಮಿಲಿಮೀಟರ್ ಸಂದು ಇಟ್ಕೊಂಡ್ವಿ, ಪೇಂಟಿನ ದಪ್ಪಕ್ಕೂ ಜಾಗ ಬೇಕಲ್ಲ.

ವೆಲ್ಡಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಒಂದೇ ಕಡೆಯಿಂದ ಗೆರೆ ಎಳೆದ ಹಾಗೆ ಹೊಡೀಬೇಡಿ, ಬಿಸಿಗೆ ತಗಡು ಅಲೆಅಲೆ ಆಗುತ್ತೆ. ಇಲ್ಲೊಂದು ಟ್ಯಾಕ್, ಒಂದು ಗೇಣು ಬಿಟ್ಟು ಇನ್ನೊಂದು, ತಣ್ಣಗಾಗೋಕೆ ಬಿಟ್ಟು ಮತ್ತೆ ನಡುವೆ. ಸತು ಲೇಪಿಸಿದ ತಗಡಾದ್ರೆ ವೆಲ್ಡ್ ಮಾಡೋ ಜಾಗದ ಲೇಪ ಉಜ್ಜಿ ತೆಗೀರಿ, ಆ ಹೊಗೆ ಕುಡಿದ್ರೆ ಜ್ವರ ಬರುತ್ತೆ. ಚಾಸಿ ನಂಬರ್ ಇರೋ ತುಂಡಿಗೆ ಮಾತ್ರ ಗ್ರೈಂಡರ್ ತಾಗಿಸ್ಲೇಬೇಡಿ, ಆಮೇಲೆ ಆರ್‌ಟಿಒದಲ್ಲಿ ಇದು ನಿಮ್ಮದೇ ಕಾರು ಅಂತ ತೋರಿಸೋದು ಕಷ್ಟ.

ಎರಡನೇ ಬದಿಯನ್ನ ಮೇಸ್ತ್ರಿ ನನ್ನ ಕೈಲೇ ಮಾಡಿಸಿದ್ರು. ನನಗೆ ಐದು ದಿನ ಹಿಡೀತು. ಈಗ ಮೂರು ಬಾಗಿಲು ಒಂದು ಬೆರಳಲ್ಲಿ ತಳ್ಳಿದ್ರೆ 'ಟಕ್' ಅಂತ ಕೂರುತ್ತೆ. ಎಡಗಡೆ ಹಿಂದಿನದನ್ನ ಮಾತ್ರ ಜೋರಾಗಿ ಹಾಕಬೇಕು. ಅದು ಅಪ್ಪನ ಕಾಲದಿಂದಲೂ ಹಾಗೇ. ಮೇಸ್ತ್ರಿ ಅದನ್ನೂ ಸರಿ ಮಾಡ್ಕೊಡ್ತೀನಿ ಅಂದ್ರು. ನಾನೇ ಬೇಡ, ಇರ್ಲಿ ಬಿಡಿ ಅಂದೆ.