ಆರಿದ್ರಾ ಮಳೆ ಗೊತ್ತು, ಆರಿದ್ರಾ ನಕ್ಷತ್ರ ಗೊತ್ತಾ?

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಅಡಿಕೆ ಸುಲೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಒಂದು ಹತ್ತು ನಿಮಿಷ ಕೊಡಿ. ಇವತ್ತು ಆಕಾಶದ ವಿಷಯ ಮಾತಾಡೋಣ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಮಳೆಯ ಹೆಸರು ಹೇಳಿಕೊಡಬೇಕಾಗಿಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಜೂನ್ 21-22ರ ಹೊತ್ತಿಗೆ ಆರಿದ್ರಾ ಹಿಡೀತು ಅಂದ್ರೆ ಗದ್ದೆ ಕೆಲಸ ಜೋರು, ಜೋಗದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಮೈದುಂಬೋಕೆ ಶುರು. ಆದ್ರೆ ಆರಿದ್ರಾ ಅನ್ನೋದು ಮೊದಲಿಗೆ ಒಂದು ನಕ್ಷತ್ರದ ಹೆಸರು. ಇಂಗ್ಲಿಷಿನಲ್ಲಿ ಅದೇ ಬೀಟಲ್‌ಜ್ಯೂಸ್. ಸೂರ್ಯ ಆಕಾಶದಲ್ಲಿ ಆ ನಕ್ಷತ್ರದ ಹತ್ತಿರ ಬಂದ ದಿನಗಳಲ್ಲಿ ಬೀಳೋ ಮಳೆ ಆರಿದ್ರಾ ಮಳೆ. ಅಷ್ಟು ಹತ್ತಿರ ಇರೋದ್ರಿಂದಲೇ ಆಗ ರಾತ್ರಿ ಆ ನಕ್ಷತ್ರ ಕಾಣೋದಿಲ್ಲ. ಅಂದ್ರೆ ಆರಿದ್ರಾ ಮಳೇಲಿ ಮೋಡ ಇಲ್ಲದಿದ್ರೂ ಆರಿದ್ರಾ ಕಾಣ್ತಿರಲಿಲ್ಲ! ಅದನ್ನ ನೋಡಬೇಕಂದ್ರೆ ಜನವರಿ, ಫೆಬ್ರವರಿ ಬರಬೇಕು.

ಈ ನಕ್ಷತ್ರ ನಮ್ಮ ವಾಟ್ಸಾಪ್‌ಗೂ ಬಂದು ಹೋಗಿದೆ. 2019ರ ಕೊನೆಯಿಂದ ಅದು ಮಂಕಾಗ್ತಾ ಹೋಯ್ತು. 2020ರ ಫೆಬ್ರವರಿ ಹೊತ್ತಿಗೆ ಮಾಮೂಲಿ ಬೆಳಕಿನ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳೀತು. 'ಇನ್ನೇನು ಸಿಡಿಯುತ್ತೆ' ಅಂತ ವಿಡಿಯೋಗಳೇ ವಿಡಿಯೋಗಳು. ಸಿಡೀಲಿಲ್ಲ. ನಕ್ಷತ್ರ ತನ್ನ ಮೈಯಿಂದ ಒಂದಿಷ್ಟು ದ್ರವ್ಯ ಉಗುಳಿತ್ತು, ಅದು ತಣಿದು ಧೂಳಾಗಿ ನಮಗೆ ಅಡ್ಡ ನಿಂತಿತ್ತು ಅಂತ ಆಮೇಲೆ ಗೊತ್ತಾಯ್ತು. ಒಂದಲ್ಲ ಒಂದು ದಿನ ಸಿಡಿಯೋದು ಖಂಡಿತ. ಆ ದಿನ ಒಂದು ಲಕ್ಷ ವರ್ಷ ದೂರ ಇದ್ರೂ ಇರಬಹುದು.

ಯಾಕೆ ಸಿಡೀಬೇಕು? ನಾನು ಬಿಕಾಂ ಓದಿದವನು, ಹಾಗಾಗಿ ಇದನ್ನ ಲೆಕ್ಕದ ಪುಸ್ತಕದ ಹಾಗೆ ಅರ್ಥ ಮಾಡ್ಕೊಂಡಿದ್ದೀನಿ. ನಕ್ಷತ್ರದ ತೂಕ ಅಂದ್ರೆ ಬಂಡವಾಳ, ಬೆಳಕು ಅಂದ್ರೆ ಖರ್ಚು. ಸೂರ್ಯ ಸಣ್ಣ ಬಂಡವಾಳದ, ಕೈ ಬಿಗಿ ಹಿಡಿದ ಯಜಮಾನ. ಒಟ್ಟು ಆಯಸ್ಸು ಸುಮಾರು 1000 ಕೋಟಿ ವರ್ಷ. ಸೂರ್ಯನ 25 ಪಟ್ಟು ತೂಕದ ನಕ್ಷತ್ರ ಇದೆ ಅಂತಿಟ್ಕೊಳ್ಳಿ. ಬಂಡವಾಳ 25 ಪಟ್ಟು, ಖರ್ಚು ಹತ್ತಾರು ಸಾವಿರ ಪಟ್ಟು. ಎಷ್ಟು ದಿನ ನಡೆದೀತು?

ಹೈಡ್ರೋಜನ್ ಸುಮಾರು 70 ಲಕ್ಷ ವರ್ಷ ಬರ್ತದೆ. ಅದು ಮುಗಿದ ಮೇಲೆ ಹೀಲಿಯಂ, ಕೆಲವು ಲಕ್ಷ ವರ್ಷ. ಆಮೇಲೆ ಕಾರ್ಬನ್, ಕೆಲವು ನೂರು ವರ್ಷ. ನಿಯಾನ್ ಒಂದು ವರ್ಷದ ಆಸುಪಾಸು. ಆಕ್ಸಿಜನ್ ಕೆಲವು ತಿಂಗಳು. ಕೊನೆಗೆ ಸಿಲಿಕಾನ್, ಒಂದೇ ದಿನ! ಸಿಲಿಕಾನ್ ಉರಿದು ಕಬ್ಬಿಣ ಆಗ್ತದೆ. ಇಲ್ಲಿವರೆಗೆ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪವಾದ್ರೂ ಲಾಭ ಇತ್ತು. ಕಬ್ಬಿಣವನ್ನ ಬೆಸೆಯೋಕೆ ಹೋದ್ರೆ ಶಕ್ತಿ ಬರೋದಿಲ್ಲ, ಕೈಯಿಂದಲೇ ಹಾಕಬೇಕು. ಅಲ್ಲಿಗೆ ಅಂಗಡಿ ಬಂದ್. ತಿರುಳು ಒಂದು ಸೆಕೆಂಡಿನೊಳಗೆ ಕುಸೀತದೆ, ಹೊರಮೈ ಸಿಡಿದು ಹೋಗ್ತದೆ. ಅದೇ ಸೂಪರ್‌ನೋವಾ.

ಇಷ್ಟೆಲ್ಲ ಒಳಗೆ ನಡೆಯೋದು. ಹೊರಗೆ ನಿಂತು ನೋಡೋರಿಗೆ ತಿರುಳಲ್ಲಿ ಎಂತ ಇದೆ ಅಂತ ಗೊತ್ತಾಗೋದು ಹೇಗೆ?

ಇಲ್ಲಿ ನಮ್ಮವರೇ ಒಬ್ಬರ ಹೆಸರು ಹೇಳಬೇಕು, ಡಾ. ಬಿ. ಎಸ್. ಶೈಲಜಾ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕಿಯಾಗಿದ್ದವರು, ಕನ್ನಡದಲ್ಲಿ ವಿಜ್ಞಾನ ಬರೆಯೋರು. ಹಳೇ ಶಿಲಾಶಾಸನಗಳಲ್ಲಿರೋ ಗ್ರಹಣಗಳ ಉಲ್ಲೇಖ ಹುಡುಕಿದವರು ಅಂತ ಅವರ ಹೆಸರು ನೀವು ಕೇಳಿರಬಹುದು. ಅದಕ್ಕೆ ಮೊದಲು ಅವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದ್ದು ವುಲ್ಫ್-ರಾಯೆ ನಕ್ಷತ್ರಗಳ ಮೇಲೆ.

ಹೆಸರು ಕೇಳಿ ಹೆದರಬೇಡಿ. 1867ರಲ್ಲಿ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ವುಲ್ಫ್, ಜಾರ್ಜ್ ರಾಯೆ ಅನ್ನೋ ಇಬ್ಬರು ಮೂರು ವಿಚಿತ್ರ ನಕ್ಷತ್ರ ಕಂಡುಹಿಡಿದ್ರು. ನಕ್ಷತ್ರದ ಬೆಳಕನ್ನ ಬಣ್ಣಗಳಾಗಿ ಬಿಡಿಸಿದ್ರೆ ಸಾಮಾನ್ಯವಾಗಿ ಕಪ್ಪು ಗೆರೆಗಳು ಕಾಣ್ತವೆ. ಇವುಗಳಲ್ಲಿ ಕಂಡಿದ್ದು ಹೊಳೆಯೋ ಅಗಲವಾದ ಪಟ್ಟಿಗಳು. ಕಾರಣ ಏನು ಅಂದ್ರೆ, ಈ ನಕ್ಷತ್ರಗಳಿಂದ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸ್ತಿರ್ತದೆ. ವರ್ಷಕ್ಕೆ ಸುಮಾರು ಮೂರು ಭೂಮಿಯಷ್ಟು ದ್ರವ್ಯ ಹಾರಿ ಹೋಗ್ತದೆ. ಹೊರಗಿನ ಹೈಡ್ರೋಜನ್ ಹೋಗಿ, ಒಳಗಿನ ಹೀಲಿಯಂ, ನೈಟ್ರೋಜನ್, ಕಾರ್ಬನ್ ಬಯಲಿಗೆ ಬರ್ತದೆ. ಸಿಪ್ಪೆ ಸುಲಿದ ಅಡಿಕೆ ಇದ್ದ ಹಾಗೆ! ಒಳಗೆ ಏನು ಬೆಂದಿದೆ ಅಂತ ನೇರವಾಗಿ ಕಾಣಿಸೋ ಅಪರೂಪದ ನಕ್ಷತ್ರಗಳಿವು.

ಶೈಲಜಾ ಅವರು ನೋಡಿದ್ದು ಇಂಥ ನಕ್ಷತ್ರಗಳ ಜೋಡಿಗಳನ್ನ. ಜೋಡಿ ಯಾಕೆ? ಒಂಟಿ ನಕ್ಷತ್ರವನ್ನ ತಕ್ಕಡಿಗೆ ಹಾಕೋಕಾಗೋದಿಲ್ಲ. ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಿದ್ರೆ, ಆ ಸುತ್ತಿನ ವೇಗ, ಸಮಯ ಹಿಡಿದು ತೂಕ ಲೆಕ್ಕ ಹಾಕಬಹುದು. ತೂಕ ಗೊತ್ತಾದ್ರೆ ಆಯಸ್ಸು, ಸಾವು ಎರಡರ ಅಂದಾಜೂ ಸಿಗ್ತದೆ. ಇನ್ನೊಂದು ದೊಡ್ಡ ಪ್ರಶ್ನೆ, ಸಿಪ್ಪೆ ಸುಲಿದವರು ಯಾರು? ತನ್ನದೇ ಗಾಳಿಯಿಂದ ಕಳಕೊಂಡಿತಾ, ಪಕ್ಕದ ನಕ್ಷತ್ರ ಕಿತ್ತುಕೊಂಡಿತಾ? 2012ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ತುಂಬಾ ತೂಕದ ನಕ್ಷತ್ರಗಳಲ್ಲಿ 100ಕ್ಕೆ 70ಕ್ಕಿಂತ ಹೆಚ್ಚು ಪಾಲಿನ ಬದುಕನ್ನ ಜೊತೆಗಾರ ನಕ್ಷತ್ರವೇ ಬದಲಾಯಿಸ್ತದೆ. 2015ರ ಸೆಪ್ಟೆಂಬರ್ 14ಕ್ಕೆ ಅಮೆರಿಕದ ಲೈಗೋ ಯಂತ್ರಗಳು ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದ ಅಲೆ ಹಿಡಿದ್ವಲ್ಲ, ಅಂಥ ಕಪ್ಪುಕುಳಿಗಳು ಉಳಿಯೋದೂ ಇಂಥ ಭಾರಿ ನಕ್ಷತ್ರಗಳು ಸತ್ತ ಮೇಲೇ.

ಈಗ ಒಂದು ವಾಯ್ಸ್ ನೋಟ್ ವಿಷಯ. ತೀರ್ಥಹಳ್ಳಿ ಕಡೆಯಿಂದ ಪಿಯುಸಿ ಓದ್ತಿರೋ ಒಬ್ಬ ತಂಗಿ ಕಳಿಸಿದ್ದಾಳೆ. ಅವಳ ಮಾತು ಇಷ್ಟು: 'ಅಣ್ಣಾ, ನಂಗೆ ಫಿಸಿಕ್ಸ್ ಓದಬೇಕು. ಮನೇಲಿ, ನಕ್ಷತ್ರ ನೋಡಿದ್ರೆ ಹೊಟ್ಟೆ ತುಂಬ್ತದಾ, ಕಾಮರ್ಸ್ ತಗೋ ಅಂತಾರೆ. ಎಂತ ಹೇಳಲಿ?'

ತಂಗೀ, ಕಾಮರ್ಸ್ ಓದಿದವನಿಂದಲೇ ಉತ್ತರ ಕೇಳು. ಮನೆಯವರ ಪ್ರಶ್ನೆ ತಪ್ಪಲ್ಲ. ಕೊಳೆರೋಗಕ್ಕೆ ಫಸಲು ಹೋದ ವರ್ಷ ಫೀಸು ಕಟ್ಟೋ ಕಷ್ಟ ಅವರಿಗೆ ಗೊತ್ತು. ಈ ದಾರಿ ಉದ್ದ, ಕೆಲಸಗಳು ಕಡಿಮೆ, ಅದನ್ನ ಮುಚ್ಚಿಡಬಾರದು. ಆದ್ರೆ ದಾರಿ ಇಲ್ಲ ಅನ್ನೋದು ಸುಳ್ಳು. ಬಿಎಸ್ಸಿ ಆದ ಮೇಲೆ ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಫಿಸಿಕ್ಸ್ ಎಂಎಸ್ಸಿ ಇದೆ. ಆಮೇಲೆ ಜೆಸ್ಟ್ ಅಂತ ಪ್ರವೇಶ ಪರೀಕ್ಷೆ, ಅದರಲ್ಲಿ ಒಳ್ಳೆ ರ‍್ಯಾಂಕ್ ಬಂದ್ರೆ ಬೆಂಗಳೂರಿನ ಅದೇ ಸಂಸ್ಥೆಯ ಬಾಗಿಲು ತಟ್ಟಬಹುದು. ಪಿಎಚ್‌ಡಿ ಮಾಡೋರಿಗೆ ತಿಂಗಳು ತಿಂಗಳು ಫೆಲೋಶಿಪ್ ದುಡ್ಡು ಬರ್ತದೆ. ಸೂಪರ್‌ನೋವಾಗಳ ಮೇಲೆ ಹೆಸರು ಮಾಡಿದ ಜಿ. ಸಿ. ಅನುಪಮಾ ಅವರೂ ಅಲ್ಲಿಯವರೇ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ಅಗಲದ ಕನ್ನಡಿಯ ದೂರದರ್ಶಕ ಇದೆ. ಅದನ್ನ ಉಪಗ್ರಹದ ಸಂಪರ್ಕದಲ್ಲಿ ನಡೆಸೋದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಮನೆಯವರಿಗೆ ಇದನ್ನ ಕೇಳಿಸು. ತೀರ್ಮಾನ ಕೂತು ಮಾತಾಡಿ ಮಾಡಿ.

ಇನ್ನು 'ಏನು ಲಾಭ' ಅನ್ನೋದಕ್ಕೆ ನನ್ನ ಉತ್ತರ ಜೋಗದಲ್ಲೇ ಇದೆ. 253 ಮೀಟರ್ ಎತ್ತರದಿಂದ ಬೀಳೋ ಆ ನೀರಿನ ತೂಕದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಆಕ್ಸಿಜನ್. ಜಗತ್ತಿನ ಆಕ್ಸಿಜನ್ ಬಹುಪಾಲು ತಯಾರಾಗಿದ್ದು ಇಂಥ ಭಾರಿ ನಕ್ಷತ್ರಗಳ ಹೊಟ್ಟೆಯಲ್ಲಿ. ನಾವು ಕುಡಿಯೋ ನೀರು, ಎಳೆಯೋ ಉಸಿರು ಎಲ್ಲಿಂದ ಬಂತು ಅಂತ ತಿಳ್ಕೊಳ್ಳೋದಕ್ಕೆ ಬೇರೆ ಲಾಭ ಬೇಕಾ?

ಕೊನೆಗೆ ಒಂದು ಕೆಲಸ ಕೊಡ್ತೀನಿ. ಜೋಗದಿಂದ ಹೋದ ಕರೆಂಟು ಬೆಂಗಳೂರನ್ನ ಬೆಳಗಿತು, ಈಗ ಅಲ್ಲಿ ಬೆರಳೆಣಿಕೆಯ ನಕ್ಷತ್ರ ಕಂಡ್ರೆ ಹೆಚ್ಚು. ನಮ್ಮ ಕಡೆ ಕತ್ತಲೆ ಇನ್ನೂ ಉಳಿದಿದೆ. ಹೋಮ್‌ಸ್ಟೇ ನಡೆಸೋರು ರಾತ್ರಿ ಹತ್ತರ ಮೇಲೆ ಫೋಕಸ್ ಲೈಟ್ ಆರಿಸಿದ್ರೆ ಇನ್ನೂ ಬಹಳ ದಿನ ಉಳೀತದೆ. ಫೆಬ್ರವರಿಯಲ್ಲಿ ರಾತ್ರಿ ಹತ್ತರ ಸುಮಾರಿಗೆ, ಮರಗಳ ಮರೆ ಇಲ್ಲದ ಕಡೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ತುಂಬಾ ಪ್ರಕಾಶವಾಗಿ ಕಾಣೋದು ಅಗಸ್ತ್ಯ. ಅದರ ಎಡಕ್ಕೆ, ಸ್ವಲ್ಪ ಮೇಲೆ, ಇನ್ನೊಂದು ಹೊಳೆಯೋ ಚುಕ್ಕಿ ಸಿಗ್ತದೆ. ಅದರ ಹೆಸರು ಗಾಮಾ ವೆಲೋರಮ್. ಅದರೊಳಗೆ ಒಂದು ವುಲ್ಫ್-ರಾಯೆ ನಕ್ಷತ್ರ ಇದೆ, ದೂರದರ್ಶಕ ಬೇಡ, ಬರಿಗಣ್ಣು ಸಾಕು. ಸಿಕ್ಕಿದ್ರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಲ್ಲಿ ಸಿಗೋಣ, ನಮಸ್ಕಾರ.