ಮೇಜಿನ ಕೆಳಗಿನ ಕಾಲುಗಳು

(ಗುಮಟಾಪುರದಲ್ಲಿ ಸೇರಿದ್ದ ಶ್ರಮಿಕರ ಕೂಟದಲ್ಲಿ ಮಾಡಿದ ಭಾಷಣ)



ದೀಪಾವಳಿಯ ಗೊರೆಹಬ್ಬದಿಂದಲೇ ಹೊರಗಿನವರು ಹೆಸರು ಕೇಳಿರುವ ಈ ಊರಿನಲ್ಲಿ ಕುಳಿತು, ವಿಮಾನ ನಿಲ್ದಾಣದ ವಿಷಯವನ್ನು ನಾವೇಕೆ ಮಾತನಾಡಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಬಸ್ಸಿನಲ್ಲಿ ಇಳಿದರೆ ಅದೇ ದೊಡ್ಡ ಪ್ರಯಾಣ. ಆದರೂ ಈ ವಿಷಯ ನಮ್ಮ ಕೂಟದೊಳಗಿಂದಲೇ ಎದ್ದು ಬಂದಿದೆ.

ನಮ್ಮ ನಡುವೆ ಒಬ್ಬ ಹಿರಿಯರಿದ್ದಾರೆ. ಸೈನ್ಯದಲ್ಲಿದ್ದಾಗ ನೆಲಬಾಂಬಿಗೆ ಎಡಗಾಲನ್ನು ಕಳೆದುಕೊಂಡವರು. ದೂರದೂರಿನಲ್ಲಿ ನರ್ಸ್ ಆಗಿರುವ ಮಗಳನ್ನು ನೋಡಲು ಒಮ್ಮೆ ವಿಮಾನದಲ್ಲಿ ಹೊರಟರು. ತಪಾಸಣೆಯ ಜಾಗದಲ್ಲಿ ಲೋಹಶೋಧಕ ಕೂಗಿತು. ಕಾಲನ್ನು ಬಿಚ್ಚಿ ಕೊಡಬೇಕಾಯಿತು. ಚಪ್ಪಲಿ, ಬೆಲ್ಟುಗಳ ಜೊತೆಗೆ ಅದೂ ಒಂದು ಟ್ರೇಯಲ್ಲಿ ಎಕ್ಸ್-ರೇ ಯಂತ್ರದೊಳಕ್ಕೆ ಹೋಯಿತು. ಅವರು ಖಾಲಿ ಪ್ಯಾಂಟಿನ ಕಾಲನ್ನು ಮಡಚಿ ಹಿಡಿದುಕೊಂಡು ಕುರ್ಚಿಯ ಮೇಲೆ ಕುಳಿತರು, ಸಾಲಿನಲ್ಲಿದ್ದವರೆಲ್ಲಾ ನೋಡಿದರು. ನಾವು ಕೋಪದಿಂದ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಆ ಹೈದ ನನ್ನ ಮಕ ನೋಡ್ನೇ ಇಲ್ಲ ಕನಪ್ಪ. ಅವನಿಗೂ ಸಂಕಟ ಆಗಿತ್ತು." ಆಮೇಲೆ ಅವರು ವಿಮಾನ ಹತ್ತಿಲ್ಲ. ಮಗಳೇ ರಜೆ ಸಿಕ್ಕಾಗ ಬರುತ್ತಾಳೆ.

ಈ ಮಾತಿನಲ್ಲಿ ನಾವು ಕಲಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ತಪಾಸಣೆ ಬೇಡವೆಂದು ಆ ಹಿರಿಯರು ಹೇಳಲಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಕ್ಕಿ 329 ಜನ ಸತ್ತರು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ಅದಾದ ಮೇಲೆ, 2000ದಿಂದ, ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಕಾವಲು ಬೇಕು. ಸೈನಿಕನಿಗಿಂತ ಚೆನ್ನಾಗಿ ಅದನ್ನು ತಿಳಿದವರಾರು?

ಎರಡನೆಯದು, ಆ 'ಹೈದ'ನೂ ಒಬ್ಬ ದುಡಿಯುವವನು. ಗಂಟೆಗಟ್ಟಲೆ ನಿಂತು, ಮೇಲಿನಿಂದ ಬಂದ ನಿಯಮವನ್ನು ನಡೆಸುವವನು. ನಿಯಮವನ್ನು ಮೀರಿ ದಯೆ ತೋರಿಸಿದರೆ ನೌಕರಿಗೇ ಕುತ್ತು ಬರಬಹುದೆಂಬ ಭಯ ಅವನದು. ಆದ್ದರಿಂದ ನಮ್ಮ ಜಗಳ ಅವನ ಮೇಲಲ್ಲ. ದಯೆಯನ್ನೇ ನಿಯಮವಾಗಿ ಬರೆದುಕೊಟ್ಟರೆ, ಕುರ್ಚಿಯಲ್ಲಿ ಕುಳಿತವರಿಗೂ ಎದುರಿಗೆ ನಿಂತವನಿಗೂ ಒಟ್ಟಿಗೆ ಬಿಡುಗಡೆ.

ಇದು ಆಗದ ಕೆಲಸವಲ್ಲ. ಕೃತಕ ಕಾಲನ್ನು ಬಿಚ್ಚಿಸದೆಯೇ ಅದರ ಮೇಲೂ ಕೈಗಳ ಮೇಲೂ ಒಂದು ಬಟ್ಟೆಯ ತುಂಡನ್ನು ಒರೆಸಿ, ಆ ತುಂಡನ್ನು ಯಂತ್ರಕ್ಕಿಟ್ಟರೆ, ಸ್ಫೋಟಕದ ಕಣವಿದ್ದರೆ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಇನ್ನೂ ಸಂದೇಹವಿದ್ದರೆ ಮರೆಯ ಕೋಣೆಯಲ್ಲಿ, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ನೋಡಬಹುದು. ಅಮೆರಿಕದಲ್ಲಿ 2013ರ ಆಗಸ್ಟಿನಲ್ಲಿ, ತೀವ್ರವಾಗಿ ಗಾಯಗೊಂಡ ಅಥವಾ ಅಂಗವಿಕಲರಾದ ಸೈನಿಕರ ಮತ್ತು ಮಾಜಿ ಸೈನಿಕರ ತಪಾಸಣೆಯನ್ನು ಸುಲಭಗೊಳಿಸಲೆಂದೇ ಒಂದು ಕಾನೂನು ಮಾಡಿದರು.

ನಮ್ಮ ದೇಶದಲ್ಲಿ ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿದವರು ನೃತ್ಯಗಾರ್ತಿ ಸುಧಾ ಚಂದ್ರನ್. 1981ರಲ್ಲಿ ಇದೇ ತಮಿಳುನಾಡಿನಲ್ಲಿ ನಡೆದ ಬಸ್ ಅಪಘಾತದ ನಂತರ ಅವರು ಒಂದು ಕಾಲನ್ನು ಕಳೆದುಕೊಂಡು, ಜೈಪುರ ಕಾಲನ್ನು ಕಟ್ಟಿಕೊಂಡು ಮತ್ತೆ ಕುಣಿದವರು. ಪ್ರತಿಯೊಂದು ಪ್ರಯಾಣದಲ್ಲೂ ಕಾಲು ಬಿಚ್ಚಬೇಕಾಗುತ್ತದೆಂದು 2021ರ ಅಕ್ಟೋಬರಿನಲ್ಲಿ ಅವರು ಪ್ರಧಾನಿಯವರಿಗೆ ಬಹಿರಂಗವಾಗಿ ಮೊರೆಯಿಟ್ಟರು. ಭದ್ರತಾ ಪಡೆ ಕ್ಷಮೆ ಕೇಳಿತು. ಅದೇ ವರ್ಷ ಡಿಸೆಂಬರಿನಲ್ಲಿ, ಜೀಜಾ ಘೋಷ್ ಅವರ ಪ್ರಕರಣದಲ್ಲಿ, ಕೃತಕ ಅಂಗವುಳ್ಳವರಿಗೆ ಅದನ್ನು ಬಿಚ್ಚುವಂತೆ ಹೇಳಬಾರದು, ಒಪ್ಪಿಗೆಯಿಲ್ಲದೆ ಅವರನ್ನು ಎತ್ತುವುದು ಅಮಾನವೀಯ ಎಂದು ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟಿತು. ಘನತೆಯಿಂದ ಬಾಳುವ ಹಕ್ಕು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲೇ ಇದೆ. ಆದರೆ ದೆಹಲಿಯಲ್ಲಿ ಆಡಿದ ಮಾತು ಪ್ರತಿಯೊಂದು ತಪಾಸಣೆಯ ಬಾಗಿಲಿಗೂ ಮುಟ್ಟಬೇಕಲ್ಲವೇ? ಮುಟ್ಟಿಸುವ ಕೆಲಸ ಯಾರದು?

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಈ ಸೌಕರ್ಯ ಸೈನಿಕರಿಗೆ ಮಾತ್ರವೋ? ಅವರ ಋಣ ದೊಡ್ಡದು, ನಿಜ. 1965ರ ಯುದ್ಧದಲ್ಲಿ ಗುಂಡು ತಿಂದ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ ಈಜಿ, ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು. 1971ರ ಯುದ್ಧದಲ್ಲಿ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೊ ಮುಂದೆ ಸೈನ್ಯದಲ್ಲೇ ಮೇಜರ್ ಜನರಲ್ ಆದರು. ಆದರೆ ಕಲ್ಲುಗಣಿಯ ಸಿಡಿತದಲ್ಲಿ ಹೋದ ಕಾಲೂ ಕಾಲೇ. ಅದೂ ದುಡಿಮೆಯಲ್ಲೇ ಹೋದದ್ದು.

ಸಮುವೇಲನ ಎರಡನೆಯ ಪುಸ್ತಕದ ಒಂದು ಪ್ರಸಂಗವನ್ನು ನೆನೆಯಿರಿ. ಯೋನಾತಾನನು ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಮಡಿದನು. ಆ ಸುದ್ದಿ ಬಂದಾಗ ದಾದಿಯು ಅವನ ಐದು ವರ್ಷದ ಮಗನಾದ ಮೆಫೀಬೋಶೆತನನ್ನು ಎತ್ತಿಕೊಂಡು ಓಡುವಾಗ ಅವನು ಬಿದ್ದು ಎರಡೂ ಕಾಲು ಕುಂಟಾದವು. ಮುಂದೆ ಅರಸನಾದ ದಾವೀದನು ಗೆಳೆಯನ ಋಣವನ್ನು ನೆನೆದು ಅವನನ್ನು ಕರೆಸಿದನು. ಬಂದವನು ಹೆದರಿದ್ದನು. ದಾವೀದನು ಅವನ ಭಯವನ್ನು ಬಿಡಿಸಿ, ತಾತನ ಹೊಲಗಳನ್ನು ಹಿಂದಕ್ಕೆ ಕೊಟ್ಟು, ತನ್ನ ಮೇಜಿನಲ್ಲೇ ದಿನವೂ ಊಟಕ್ಕೆ ಕೂರಿಸಿಕೊಂಡನು. ಗಮನಿಸಿರಿ: ಯುದ್ಧ ಮಾಡಿದವನು ತಂದೆ, ಮೇಜಿಗೆ ಕುಳಿತವನು ಮಗ. ಸೈನಿಕನ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಎಂದೂ ಕತ್ತಿ ಹಿಡಿಯದವನು ಒಳಗೆ ಬಂದನು. ಮೇಜಿಗೆ ಕುಳಿತ ಮೇಲೆ ಎಲ್ಲರ ಕಾಲುಗಳೂ ಮೇಜಿನ ಕೆಳಗೆ; ಯಾರ ಕಾಲು ಹೇಗಿದೆಯೆಂದು ನೋಡುವವರಿಲ್ಲ. ನಾವು ಕೇಳುವುದೂ ಅಷ್ಟೇ. ನೋಡಬೇಕಾದದ್ದನ್ನು ನೋಡಲಿ, ಮನುಷ್ಯನನ್ನು ನಾಲ್ಕು ಜನರ ಮುಂದೆ ಬಿಚ್ಚಿಡುವುದು ಬೇಡ.

ಹಾಗಾದರೆ ನಾವೇನು ಮಾಡೋಣ? ನಮ್ಮ ಸುತ್ತಿನ ಹಳ್ಳಿಗಳ ಅಂಗವಿಕಲರಲ್ಲಿ ಯಾರಿಗೆ ಕೇಂದ್ರ ಸರ್ಕಾರದ ಅಂಗವಿಕಲರ ಗುರುತಿನ ಚೀಟಿ ಇಲ್ಲವೋ ಅವರ ಪಟ್ಟಿ ಮಾಡೋಣ. ತಮಿಳು, ಇಂಗ್ಲಿಷ್ ಅರ್ಜಿಗಳು ಕನ್ನಡ ಮಾತ್ರ ಬಲ್ಲ ನಮ್ಮ ಹಿರಿಯರಿಗೆ ಇನ್ನೊಂದು ತಡೆಗೋಡೆ. ಓದು ಕಲಿತ ನಮ್ಮ ಮಕ್ಕಳು ಕುಳಿತು ತುಂಬಿಸಿಕೊಡಲಿ. ಪ್ರಯಾಣ ಹೊರಡುವವರು ನಲವತ್ತೆಂಟು ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಲಿ. ಮರೆಯ ಕೋಣೆಯನ್ನೂ ಒರೆಸಿ ನೋಡುವ ಪರೀಕ್ಷೆಯನ್ನೂ ಧೈರ್ಯವಾಗಿ, ವಿನಯವಾಗಿ ಕೇಳಲಿ. ಅವಮಾನವಾದರೆ ಬರೆದು ದೂರು ಕೊಡಲಿ; ಅಂಗವಿಕಲರ ಆಯುಕ್ತರಿರುವುದು ಅದಕ್ಕಾಗಿಯೇ.

ಕೊನೆಯದಾಗಿ, ನಮ್ಮ ಆ ಹಿರಿಯರು ಮುಂದಿನ ಬಾರಿ ಮಗಳನ್ನು ನೋಡಲು ಹೊರಟಾಗ, ಒಪ್ಪುವುದಾದರೆ ನಮ್ಮಲ್ಲೊಬ್ಬರು ಜೊತೆಗೆ ಹೋಗಿ, ತಪಾಸಣೆಯ ಬಾಗಿಲಿನವರೆಗೂ ನಿಲ್ಲಲಿಕ್ಕೆ ಅನುಮತಿ ಕೇಳೋಣ. ನಾಲ್ವರು ಗೆಳೆಯರು ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಇಳಿಸಿದಾಗ ಯೇಸುಸ್ವಾಮಿ ಮಾಳಿಗೆಯ ಲೆಕ್ಕ ಕೇಳಲಿಲ್ಲ; ಅವರ ನಂಬಿಕೆಯನ್ನು ನೋಡಿದನು. ಅಂಥ ಗೆಳೆಯರಾಗುವ ಕೃಪೆಯನ್ನು ಕರ್ತನು ನಮಗೆ ಕೊಡಲಿ.