ಶಾಲೆಯ ನೆರೆಹೊರೆ



ಮೂರು ದಶಕ ಕನ್ನಡ ಪಾಠ ಹೇಳಿದ ನನಗೆ ಶಬ್ದಗಳ ಅರ್ಥವನ್ನು ಕೆದಕುವುದು ಅಭ್ಯಾಸ. ‘ನೆರೆ’ ಎಂದರೆ ಪಕ್ಕ. ‘ನೆರೆಯುವುದು’ ಎಂದರೆ ಒಟ್ಟು ಕೂಡುವುದು. ಮಕ್ಕಳನ್ನು ಶಾಲೆಗೆ ಸೇರಿಸುವ ವಿಚಾರದಲ್ಲಿ ಈ ಎರಡು ಅರ್ಥಗಳೂ ನಮಗೆ ಬೇಕು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನಿತ್ತಿತು. ಐದನೆಯ ತರಗತಿಯವರೆಗೆ 1 ಕಿಲೋಮೀಟರು, ಆರರಿಂದ ಎಂಟರವರೆಗೆ 3 ಕಿಲೋಮೀಟರು ಎಂಬುದು ನೆರೆಹೊರೆಯ ಅಳತೆ. ಇಷ್ಟರೊಳಗೆ ಶಾಲೆಯೊಂದು ಇರಲೇಬೇಕೆಂಬುದು ಇದರ ತಾತ್ಪರ್ಯ. ಇದು ಸರ್ಕಾರದ ಕರ್ತವ್ಯವನ್ನು ಗುರುತಿಸುವ ಗೆರೆ. ಮಗುವಿನ ಸುತ್ತ ಕಟ್ಟಿದ ಬೇಲಿಯಲ್ಲ. ನಮ್ಮ ಗಂಗಾವತಿ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಆಚೆಗಿನ ಶಾಲೆ ಕಣ್ಣಿಗೆ ಸಮೀಪವಾಗಿಯೇ ಕಾಣಬಹುದು. ಸೇತುವೆಯನ್ನು ಸುತ್ತಿ ಹೋಗಬೇಕಾದ ಎಳೆಯ ಕಾಲುಗಳಿಗೆ ಅದು ದೂರವೇ. ಆದುದರಿಂದ ಅಂತರವನ್ನು ನಡೆಯುವ ದಾರಿಯಲ್ಲಿ ಅಳೆಯಬೇಕು.

ಭತ್ತದ ಗದ್ದೆಗಳ ದುಡಿಮೆಗಾಗಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ತಂದೆತಾಯಿಗಳು ಮೂರು ಕಲಮುಗಳನ್ನು ನೆನಪಿಡಬೇಕು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಯಿಸುವಾಗ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಅದು 5ನೆಯ ಕಲಮು. ಮಗುವಿಗಾಗಲಿ ಪಾಲಕರಿಗಾಗಲಿ ಆಯ್ಕೆಯ ಪರೀಕ್ಷೆ ನಡೆಸುವಂತಿಲ್ಲ, ವಂತಿಗೆ ಕೇಳುವಂತಿಲ್ಲ, ಅದು 13ನೆಯದು. ವಯಸ್ಸಿನ ದಾಖಲೆಯಿಲ್ಲವೆಂದು ಬಾಗಿಲು ಮುಚ್ಚುವಂತಿಲ್ಲ, ಅದು 14ನೆಯದು.

ಇನ್ನು ಖಾಸಗಿ ಶಾಲೆಗಳ ಮಾತು. ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಅಲ್ಲಿ ಶೇಕಡಾ 25 ಸ್ಥಾನಗಳನ್ನು ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ 2012ರಲ್ಲಿ ಆರಂಭವಾಯಿತು. 2019ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು: ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಶಾಲೆಗೆ ಆ ಹೊಣೆಯಿಲ್ಲ. ಉಚ್ಚ ನ್ಯಾಯಾಲಯವೂ ಅದೇ ವರ್ಷದ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಹೀಗೆ, ಬಡ ಮಗುವಿಗೆ ಬಾಗಿಲು ತೆರೆದ ‘ನೆರೆಹೊರೆ’ ಎಂಬ ಶಬ್ದವೇ ಆ ಬಾಗಿಲನ್ನು ಮುಚ್ಚುವುದಕ್ಕೂ ಕಾರಣವಾಯಿತು.

ಹಾಗಾದ ಮೇಲೆ, ಪಕ್ಕದ ಸರ್ಕಾರಿ ಶಾಲೆಯನ್ನು ಸತ್ತ್ವಯುತವಾಗಿ ಉಳಿಸುವ ಹೊಣೆ ಇಮ್ಮಡಿಯಾಯಿತೆಂದೇ ನನ್ನ ಭಾವನೆ. ಶಾಲೆ ಹತ್ತಿರವಿದೆ ಎಂದರೆ ಸಾಲದು. ಅಲ್ಲಿ ಉಪಾಧ್ಯಾಯರಿರಬೇಕು, ಪಾಠ ನಡೆಯಬೇಕು. ಇಂಥ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕೆಂದು ಕಾಯಿದೆಯೇ ವಿಧಿಸಿದೆ. ಆ ಸಭೆಗೆ ತಪ್ಪದೆ ಹೋಗಿ ಕೇಳಬೇಕಾದುದನ್ನು ಕೇಳುವುದು ನಮಗೆ ಸಾಧ್ಯವಿರುವ ಕೆಲಸ.

1964–66ರ ಕೊಠಾರಿ ಆಯೋಗವು ಒಂದು ಊರಿನ, ಒಂದು ಕೇರಿಯ ಎಲ್ಲ ಮಕ್ಕಳೂ ಜಾತಿ, ಅಂತಸ್ತುಗಳ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಹಾರೈಸಿತ್ತು. ಪಕ್ಕದಲ್ಲಿರುವವರು ಹಾಗೆ ಒಟ್ಟು ಕೂಡಿದಾಗಲೇ ನೆರೆಹೊರೆ ಎಂಬ ಮಾತು ಸಾರ್ಥಕ.